ಹಳೆಯ ಪಿಕಪ್ ಗಾಡಿ ಕೊಳ್ಳುವಾಗ ಡೀಸೆಲ್ಲೋ, ಪೆಟ್ರೋಲೋ?

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳಲು ಹೊರಟವರಿಗೆ ಉತ್ತರ ಕರ್ನಾಟಕದ ಯಾವ ಊರಿನಲ್ಲಾದರೂ ಮೊದಲು ಸಿಗುವ ಸಲಹೆ ಇದು: "ಕಣ್ ಮುಚ್ಚಿ ಡೀಸೆಲ್ ತಗೋರಿ. ಎಳಿಯೋ ತಾಕತ್ತು ಅದಕ್ಕ ಐತಿ, ಎವರೇಜೂ ಛಲೋ ಕೊಡ್ತೈತಿ, ಇಂಜಿನ್ನೂ ಭಾಳ ದಿನ ಬಾಳಿಕಿ ಬರ್ತೈತಿ." ಹನ್ನೆರಡು ಹದಿನೈದು ವರ್ಷಗಳ ಹಿಂದೆ ಈ ಮಾತನ್ನು ನಂಬಿ ಗಾಡಿ ತೆಗೆದುಕೊಂಡಿದ್ದರೆ ಹೆಚ್ಚಿನವರಿಗೆ ನಷ್ಟವಾಗುತ್ತಿರಲಿಲ್ಲ. ಇಂದು ಅದೇ ಮಾತು ಕೆಲವರಿಗೆ ಪೂರ್ತಿ ಸರಿ, ಇನ್ನು ಕೆಲವರಿಗೆ ಪೂರ್ತಿ ತಪ್ಪು. ಯಾರಿಗೆ ಸರಿ, ಯಾರಿಗೆ ತಪ್ಪು ಎಂಬುದನ್ನು ಇಂಧನದ ಹೆಸರು ತೀರ್ಮಾನಿಸುವುದಿಲ್ಲ. ಗಾಡಿ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಎಷ್ಟು ಭಾರ ಹೊರುತ್ತದೆ, ಕೆಟ್ಟರೆ ರಿಪೇರಿ ಎಲ್ಲಿ ಆಗುತ್ತದೆ ಎಂಬ ಮೂರು ಸಂಗತಿಗಳು ತೀರ್ಮಾನಿಸುತ್ತವೆ.

ಬಾದಾಮಿ ತಾಲ್ಲೂಕಿನ ಚೊಳಚಗುಡ್ಡವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಲಪ್ರಭೆಯ ದಂಡೆಯಲ್ಲಿ, ಬನಶಂಕರಿ ದೇವಸ್ಥಾನಕ್ಕೆ ಅಂಟಿಕೊಂಡಂತೆ ಇರುವ ಊರು ಇದು. ಇಲ್ಲಿನ ತೋಟದಿಂದ ತರಕಾರಿ, ಬಾಳೆ, ವೀಳ್ಯದೆಲೆಯನ್ನು ಬೆಳಿಗ್ಗೆ ಬಾದಾಮಿಯ ಸಂತೆಗೆ ಮುಟ್ಟಿಸಿ ಮರಳುವ ಗಾಡಿಗೆ ದಿನಕ್ಕೆ ಹದಿನೈದು ಕಿಲೋಮೀಟರ್ ಆದರೆ ಹೆಚ್ಚು. ಅದೇ ಊರಿನಿಂದ ಮಾಲು ತುಂಬಿಕೊಂಡು ಹುಬ್ಬಳ್ಳಿಗೆ ಹೋಗಿ ಬರುವ ಗಾಡಿಗೆ ಒಂದೇ ದಿನದಲ್ಲಿ ಇನ್ನೂರು ಕಿಲೋಮೀಟರ್ ದಾಟುತ್ತದೆ. ಇನ್ನು ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ಬಂತೆಂದರೆ ಅಂಗಡಿಯ ಸಾಮಾನು, ಮಾರಾಟಕ್ಕೆ ಬರುವ ಮರದ ಬಾಗಿಲು, ಚೌಕಟ್ಟು ಎಲ್ಲವನ್ನೂ ಸಾಗಿಸಬೇಕು. ಊರು ಒಂದೇ ಆದರೂ ಈ ಗಾಡಿಗಳಿಗೆ ಬೇಕಾದ ಇಂಜಿನ್ ಒಂದೇ ಅಲ್ಲ.

ಡೀಸೆಲ್ ಏಕೆ ಹೆಚ್ಚು ಎವರೇಜ್ ಕೊಡುತ್ತದೆ?

ಪೆಟ್ರೋಲ್ ಇಂಜಿನ್ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸಿಲಿಂಡರ್ ಒಳಗೆ ಒತ್ತಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತದೆ. ಒತ್ತಡ ತೀರಾ ಹೆಚ್ಚಾದರೆ ಮಿಶ್ರಣ ಕಿಡಿಗೆ ಮುಂಚೆಯೇ ಹೊತ್ತಿಕೊಂಡು ಇಂಜಿನ್ 'ಟಕ ಟಕ' ಎನ್ನತೊಡಗುತ್ತದೆ. ಹಾಗಾಗಿ ಸಾಮಾನ್ಯ ಪೆಟ್ರೋಲ್ ಇಂಜಿನ್ನಿನಲ್ಲಿ ಮಿಶ್ರಣವನ್ನು ಅದರ ಗಾತ್ರದ ಸುಮಾರು ಒಂಬತ್ತು, ಹತ್ತು ಅಥವಾ ಹನ್ನೊಂದನೇ ಒಂದು ಪಾಲಿಗೆ ಇಳಿಸಿ ನಿಲ್ಲಿಸಬೇಕಾಗುತ್ತದೆ. ಡೀಸೆಲ್ ಇಂಜಿನ್ ಬರೀ ಗಾಳಿಯನ್ನು ಒಳಗೆಳೆದುಕೊಂಡು ಅದನ್ನು 16ರಿಂದ 22ನೇ ಒಂದು ಪಾಲಿಗೆ ಹಿಂಡುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೋಡಿದ್ದೀರಲ್ಲ, ಇದೂ ಅದೇ. ಹಿಂಡಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗುತ್ತದೆ, ಆಗ ಅದರೊಳಗೆ ಚಿಮ್ಮಿಸಿದ ಡೀಸೆಲ್ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಹೆಚ್ಚು ಹಿಂಡಿದಷ್ಟೂ ಇಂಧನದ ಶಾಖದಲ್ಲಿ ಹೆಚ್ಚು ಪಾಲು ಕೆಲಸವಾಗಿ ಸಿಗುತ್ತದೆ.

ಇನ್ನೊಂದು ಕಾರಣವೂ ಇದೆ. ಪೆಟ್ರೋಲ್ ಇಂಜಿನ್ನಿನ ವೇಗ ಕಡಿಮೆ ಮಾಡಬೇಕೆಂದರೆ ಥ್ರಾಟಲ್ ಎಂಬ ಬಾಗಿಲನ್ನು ಅರ್ಧ ಮುಚ್ಚಿ ಗಾಳಿಯನ್ನೇ ತಡೆಯಬೇಕು. ಮೂಗು ಹಿಡಿದುಕೊಂಡು ಉಸಿರಾಡಿದ ಹಾಗೆ, ಆ ಗಾಳಿಯನ್ನು ಎಳೆದುಕೊಳ್ಳುವುದಕ್ಕೇ ಇಂಜಿನ್ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತದೆ. ಡೀಸೆಲ್ ಇಂಜಿನ್ ಗಾಳಿಯನ್ನು ಧಾರಾಳವಾಗಿ ತೆಗೆದುಕೊಂಡು ಇಂಧನವನ್ನಷ್ಟೇ ಕಡಿಮೆ ಮಾಡುತ್ತದೆ. ಸಂತೆಯ ಸಂದಿಯಲ್ಲಿ ತೆವಳುವಾಗ, ಖಾಲಿ ಗಾಡಿ ಮರಳುವಾಗ ಡೀಸೆಲ್ ಉಳಿತಾಯ ಎದ್ದು ಕಾಣುವುದು ಇದರಿಂದ.

ಮೂರನೆಯದು ಇಂಜಿನ್ನಿನ ಗುಣವಲ್ಲ, ಅಳತೆಯ ಆಟ. ಡೀಸೆಲ್ ಪೆಟ್ರೋಲಿಗಿಂತ ದಟ್ಟವಾದ ಎಣ್ಣೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೆ ಪೆಟ್ರೋಲಿನಲ್ಲಿ ಸುಮಾರು 32 ಇರುತ್ತದೆ. ನಾವು ಎಣ್ಣೆ ಕೊಳ್ಳುವುದು ಲೀಟರ್ ಲೆಕ್ಕದಲ್ಲಾದ್ದರಿಂದ ಇಲ್ಲಿಯೇ ಶೇ 10ಕ್ಕೂ ಹೆಚ್ಚು ವ್ಯತ್ಯಾಸ ಬಂದುಬಿಡುತ್ತದೆ.

'ಎಳೆಯುವ ತಾಕತ್ತು ಡೀಸೆಲ್ಲಿಗೇ' ಎಂಬ ನಂಬಿಕೆ

ಇದು ಅರ್ಧ ಸತ್ಯ. 2005ರಲ್ಲಿ ಬಂದ ಮೊದಲ ಟಾಟಾ ಏಸ್, ಅಂದರೆ ನಮ್ಮ 'ಛೋಟಾ ಹಾಥಿ', ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಗಾಡಿ. ಅದರ ಬಲ 16 ಅಶ್ವಶಕ್ತಿ, ತಿರುಚುಬಲ (ಟಾರ್ಕ್) 38 ನ್ಯೂಟನ್ ಮೀಟರಿನ ಆಸುಪಾಸು. 2020ರಲ್ಲಿ ಬಂದ ಏಸ್ ಗೋಲ್ಡ್ ಪೆಟ್ರೋಲ್ ಗಾಡಿಯ ಇಂಜಿನ್ 694 ಸಿಸಿ, ಅಂದರೆ ಕೂದಲೆಳೆಯಷ್ಟು ಚಿಕ್ಕದು. ಅದರ ಬಲ 30 ಅಶ್ವಶಕ್ತಿ, ಟಾರ್ಕ್ 55 ನ್ಯೂಟನ್ ಮೀಟರ್. ಎಳೆಯುವ ತಾಕತ್ತು ಯಾವುದಕ್ಕೆ ಹೆಚ್ಚು ಎಂದು ಈ ಅಂಕಿಗಳೇ ಹೇಳುತ್ತವೆ.

ಹಾಗಾದರೆ ಆ ನಂಬಿಕೆ ಎಲ್ಲಿಂದ ಬಂತು? ಟರ್ಬೊ ಇರುವ ದೊಡ್ಡ ಡೀಸೆಲ್ ಗಾಡಿಗಳಿಂದ. ಬೊಲೆರೊ ಪಿಕಪ್ ತರಗತಿಯ ಎರಡೂವರೆ ಲೀಟರಿನ ಟರ್ಬೊ ಡೀಸೆಲ್ ಇಂಜಿನ್ ಸುಮಾರು 200 ನ್ಯೂಟನ್ ಮೀಟರ್ ಟಾರ್ಕನ್ನು ನಿಮಿಷಕ್ಕೆ ಒಂದೂವರೆ ಸಾವಿರದಷ್ಟು ಸುತ್ತಿನಲ್ಲೇ ಕೊಡುತ್ತದೆ. ಹೊಲದ ಕೆಸರಿನಿಂದ, ಏರಿನಲ್ಲಿ ನಿಂತ ಜಾಗದಿಂದ ಆಕ್ಸಿಲರೇಟರನ್ನು ಹೆಚ್ಚು ಒತ್ತದೆ ಹೊರಡುವ ಗುಣ ಬರುವುದು ಇಲ್ಲಿಂದ. ಆದರೆ ಅದರ ಶ್ರೇಯ ಡೀಸೆಲ್ಲಿಗೆ ಎಷ್ಟೋ, ಇಂಜಿನ್ನಿನ ಗಾತ್ರಕ್ಕೆ ಮತ್ತು ಟರ್ಬೊಗೂ ಅಷ್ಟೇ. ಟರ್ಬೊ ಇಲ್ಲದ ಪುಟ್ಟ ಡೀಸೆಲ್ ಗಾಡಿಯಿಂದ ಅದನ್ನು ನಿರೀಕ್ಷಿಸುವುದು ಕರುವಿಗೆ ಎತ್ತಿನ ನೊಗ ಹೂಡಿದ ಹಾಗೆ. ಪೆಟ್ರೋಲ್ ಗಾಡಿ ಭಾರ ಎಳೆಯುವುದಿಲ್ಲ ಎಂದಲ್ಲ. ಹೆಚ್ಚು ಸುತ್ತಿಗೆ ಏರಿಸಿ, ಕೆಳಗಿನ ಗೇರಿನಲ್ಲಿ ಎಳೆಸಬೇಕು. ಹಾಗೆ ದಿನವಿಡೀ ಎಳೆಸಿದರೆ ಎವರೇಜ್ ಪಾತಾಳಕ್ಕೆ ಇಳಿಯುತ್ತದೆ, ಅಷ್ಟೇ.

ಇಲ್ಲಿ ಒಂದು ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ನಿಮ್ಮ ಭಾರ ದಿನವೂ ಒಂದು ಟನ್ನು ದಾಟುತ್ತದೆ ಎಂದಾದರೆ ಈ ಚರ್ಚೆಯೇ ಇಲ್ಲ, ಏಕೆಂದರೆ ಹಳೆಯ ಗಾಡಿಗಳ ಪೇಟೆಯಲ್ಲಿ ಆ ತರಗತಿಯಲ್ಲಿ ಸಿಗುವುದು ಬಹುತೇಕ ಡೀಸೆಲ್ ಮಾತ್ರ. ಆಯ್ಕೆ ಇರುವುದು ಮುಕ್ಕಾಲು ಟನ್ನಿನ ಆಚೀಚೆಯ ಸಣ್ಣ ಗಾಡಿಗಳಲ್ಲಿ. ಅಲ್ಲಿಯೂ ಹಳೆಯ ಪೆಟ್ರೋಲ್ ಪಿಕಪ್ ಎಂದರೆ ಹೆಚ್ಚಾಗಿ 2020ರ ನಂತರದ ಏಸ್ ಗೋಲ್ಡ್ ಅಥವಾ ಮಾರುತಿ ಸೂಪರ್ ಕ್ಯಾರಿ. ಬಿಎಸ್-6 ನಿಯಮ 2020ರ ಏಪ್ರಿಲ್ 1ರಿಂದ ಬಂದಾಗ ಸಣ್ಣ ಡೀಸೆಲ್ ಇಂಜಿನ್ನಿಗೆ ಹೊಗೆ ಶುದ್ಧಿ ಸಲಕರಣೆ ಜೋಡಿಸುವುದು ದುಬಾರಿಯಾಯಿತು. ಮಾರುತಿ ಕಂಪನಿ ಡೀಸೆಲ್ಲನ್ನೇ ಕೈಬಿಟ್ಟಿತು. ಸಣ್ಣ ಗಾಡಿಗಳಲ್ಲಿ ಪೆಟ್ರೋಲ್ ಕಾಣಿಸಿಕೊಂಡಿದ್ದರ ಹಿಂದಿನ ಕಥೆ ಇದು.

ಉಳಿತಾಯ ನಿಜಕ್ಕೂ ಎಷ್ಟು?

2012ರ ಬೇಸಿಗೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 70 ರೂಪಾಯಿ ದಾಟಿತ್ತು, ಡೀಸೆಲ್ ಇನ್ನೂ 41 ರೂಪಾಯಿಯ ಹತ್ತಿರವಿತ್ತು. ಅಂತರ ಸುಮಾರು 30 ರೂಪಾಯಿ. 'ಕಣ್ ಮುಚ್ಚಿ ಡೀಸೆಲ್' ಎಂಬ ಮಾತು ಹುಟ್ಟಿದ ಕಾಲ ಅದು. 2013ರ ಜನವರಿಯಿಂದ ಡೀಸೆಲ್ ದರವನ್ನು ತಿಂಗಳಿಗಿಷ್ಟು ಎಂದು ಏರಿಸುತ್ತ ಬಂದ ಕೇಂದ್ರ ಸರ್ಕಾರ 2014ರ ಅಕ್ಟೋಬರಿನಲ್ಲಿ ಅದರ ಮೇಲಿನ ನಿಯಂತ್ರಣವನ್ನೇ ತೆಗೆಯಿತು. ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 18.4ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿತು. ಅದಾದ ಮೇಲೆ ಉಳಿದ ಅಂತರ ಲೀಟರಿಗೆ ಸುಮಾರು 12 ರೂಪಾಯಿ.

ಈಗ ಲೆಕ್ಕ ಹಾಕೋಣ. ಡೀಸೆಲ್ ಲೀಟರಿಗೆ 91 ರೂಪಾಯಿ, ಪೆಟ್ರೋಲ್ 103 ರೂಪಾಯಿ ಎಂದು ಹಿಡಿಯೋಣ. ಸಣ್ಣ ಡೀಸೆಲ್ ಗಾಡಿ ಲೀಟರಿಗೆ 18 ಕಿಲೋಮೀಟರ್, ಅದೇ ಗಾತ್ರದ ಪೆಟ್ರೋಲ್ ಗಾಡಿ 14 ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳೋಣ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ನೀವು ನೋಡುತ್ತಿರುವ ಗಾಡಿಯ ನಿಜವಾದ ಎವರೇಜ್ ಮತ್ತು ನಿಮ್ಮ ಬಂಕಿನ ದರವನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ. ಡೀಸೆಲ್ ಗಾಡಿಗೆ ಕಿಲೋಮೀಟರಿಗೆ 5.06 ರೂಪಾಯಿ, ಪೆಟ್ರೋಲ್ ಗಾಡಿಗೆ 7.36 ರೂಪಾಯಿ ಬೀಳುತ್ತದೆ. ವ್ಯತ್ಯಾಸ 2 ರೂಪಾಯಿ 30 ಪೈಸೆ.

ಚೊಳಚಗುಡ್ಡದಿಂದ ಬಾದಾಮಿಗೆ ಓಡಾಡುವ ಗಾಡಿಗೆ ತಿಂಗಳಿಗೆ 400 ಕಿಲೋಮೀಟರ್ ಎಂದರೆ ಉಳಿತಾಯ 920 ರೂಪಾಯಿ, ವರ್ಷಕ್ಕೆ 11,040. ಹುಬ್ಬಳ್ಳಿಗೆ ತಿಂಗಳಲ್ಲಿ ಇಪ್ಪತ್ತು ದಿನ ಹೋಗಿಬರುವ ಗಾಡಿಗೆ 4,000 ಕಿಲೋಮೀಟರ್ ಎಂದರೆ ಉಳಿತಾಯ ತಿಂಗಳಿಗೇ 9,200 ರೂಪಾಯಿ, ವರ್ಷಕ್ಕೆ ಒಂದು ಲಕ್ಷ ಹತ್ತು ಸಾವಿರ ದಾಟುತ್ತದೆ.

ಅದೇ ಸ್ಥಿತಿಯಲ್ಲಿರುವ ಡೀಸೆಲ್ ಗಾಡಿಗೆ 60,000 ರೂಪಾಯಿ ಹೆಚ್ಚು ಕೇಳುತ್ತಿದ್ದಾರೆ ಎಂದುಕೊಳ್ಳಿ. ಹುಬ್ಬಳ್ಳಿಯ ಗಾಡಿ ಆ ಹಣವನ್ನು ಆರೂವರೆ ತಿಂಗಳಲ್ಲಿ ಹಿಂದಿರುಗಿಸುತ್ತದೆ. ಬಾದಾಮಿಯ ಗಾಡಿಗೆ ಐದು ವರ್ಷ ನಾಲ್ಕೈದು ತಿಂಗಳು ಬೇಕು. ಆ 60,000ವನ್ನು ಶೇ 15ರ ಬಡ್ಡಿಗೆ ಸಾಲ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 9,000 ರೂಪಾಯಿ. ಅಂದರೆ ಬಾದಾಮಿಯ ಗಾಡಿಯ ಡೀಸೆಲ್ ಉಳಿತಾಯದ ಬಹುಪಾಲು ಫೈನಾನ್ಸಿನವರ ಕೈಗೆ ಹೋಯಿತು. ಉಳಿದದ್ದು ಒಂದು ಸಲದ ಆಯಿಲ್ ಮತ್ತು ಫಿಲ್ಟರ್ ಬದಲಿಗೂ ಸಾಲದೆ ಹೋಗಬಹುದು.

ಹೊಸ ಗಾಡಿಗಿಂತ ಹಳೆಯ ಗಾಡಿಯಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಉಳಿತಾಯ ಬರುವುದು ದಿನಕ್ಕೆ ಮೂವತ್ತು ನಲವತ್ತು ರೂಪಾಯಿಯಂತೆ ಚೂರುಚೂರಾಗಿ. ರಿಪೇರಿ ಬರುವುದು ಒಂದೇ ಏಟಿಗೆ ಹತ್ತಾರು ಸಾವಿರವಾಗಿ, ಅದೂ ಬೆಳೆ ಕೊಯ್ಲಿನ ವಾರದಲ್ಲೇ.

ಡೀಸೆಲ್ ಇಂಜಿನ್ ಬಾಳಿಕೆ ಬರುತ್ತದೆ, ಪಂಪು ಮತ್ತು ನಾಜಲ್?

ಹೆಚ್ಚಿನ ಒತ್ತಡ ತಾಳಬೇಕಾದ್ದರಿಂದ ಡೀಸೆಲ್ ಇಂಜಿನ್ನಿನ ಬ್ಲಾಕು, ಕ್ರ್ಯಾಂಕು, ಪಿಸ್ಟನ್ ಎಲ್ಲವೂ ದಪ್ಪ. ಓಡುವುದೂ ಕಡಿಮೆ ಸುತ್ತಿನಲ್ಲಿ. ಚೆನ್ನಾಗಿ ನೋಡಿಕೊಂಡರೆ ಬೋರ್ ಕೆಲಸ ಬರುವುದು ತಡವಾಗಿಯೇ. ಈ ನಂಬಿಕೆಯಲ್ಲಿ ಹುರುಳಿದೆ. ಆದರೆ ಅದೇ ಇಂಜಿನ್ನಿನ ತಲೆಯ ಮೇಲೆ ಕೂತ ಇಂಧನ ಪಂಪು ಮತ್ತು ಇಂಜೆಕ್ಟರ್ ಗಡಿಯಾರದಷ್ಟು ನಾಜೂಕು. ಅವುಗಳ ಒಳಗಿನ ಭಾಗಗಳ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು ಮಾತ್ರ. ಕಾಮನ್ ರೈಲ್ ಗಾಡಿಗಳಲ್ಲಿ ಡೀಸೆಲ್ ಮೇಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಒಂದು ಹನಿ ನೀರು, ಒಂದು ಚಿಟಿಕೆ ಧೂಳು ಅಲ್ಲಿಗೆ ತಲುಪಿದರೆ ಖರ್ಚು ಶುರು.

ಬಂಕಿನ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದ ಹಳೆಯ ಚಾಳಿ ಇಲ್ಲಿಯೇ ದುಬಾರಿಯಾಗುವುದು. ಡೀಸೆಲ್ ಇಂಧನವೂ ಹೌದು, ಪಂಪಿನ ಒಳಭಾಗಕ್ಕೆ ಜಿಡ್ಡೂ ಹೌದು. ಸೀಮೆಎಣ್ಣೆಯಲ್ಲಿ ಆ ಜಿಡ್ಡಿನ ಗುಣ ಕಡಿಮೆ. ಅಗ್ಗಕ್ಕೆ ಸಿಕ್ಕ ಎಣ್ಣೆ ಪಂಪನ್ನು ಸವೆಸುತ್ತದೆ. 'ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ತೆಗೆದಿರುವುದರಿಂದ ಹಳೆಯ ಪಂಪು ಕೆಡುತ್ತದೆ' ಎಂಬ ಮಾತೂ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿದಿದ್ದು ನಿಜ, ಗಂಧಕ ತೆಗೆಯುವ ವಿಧಾನದಲ್ಲಿ ಜಿಡ್ಡು ಕಡಿಮೆಯಾಗುವುದೂ ನಿಜ. ಆದರೆ ಅದನ್ನು ಸರಿದೂಗಿಸುವ ಪದಾರ್ಥವನ್ನು ಸೇರಿಸಿಯೇ ಬಂಕಿಗೆ ಕಳಿಸುತ್ತಾರೆ. ಆ ಭಯ ಬೇಡ.

ಡೀಸೆಲ್ ಗಾಡಿಯಲ್ಲಿ ಟ್ಯಾಂಕು ಪೂರ್ತಿ ಬರಿದಾಗಲು ಬಿಡಬಾರದು. ಪೈಪಿನಲ್ಲಿ 'ಏರ್ ಹಿಡಿದರೆ' ಮತ್ತೆ ಎಣ್ಣೆ ಹಾಕಿದರೂ ಗಾಡಿ ಚಾಲೂ ಆಗುವುದಿಲ್ಲ. ಗಾಳಿ ಹಿಂಡಿದರೆ ಕುಗ್ಗುತ್ತದೆ, ಹಾಗಾಗಿ ಪಂಪು ಕೊಟ್ಟ ಒತ್ತಡ ನಾಜಲ್‌ವರೆಗೆ ಮುಟ್ಟುವುದೇ ಇಲ್ಲ. ಹ್ಯಾಂಡ್ ಪ್ರೈಮರ್ ಒತ್ತಿ ಗಾಳಿ ಹೊರಹಾಕಬೇಕು.

ರಿಪೇರಿ ಎಲ್ಲಿ ಆಗುತ್ತದೆ ಎಂಬುದು ಈ ಲೆಕ್ಕದಲ್ಲಿ ಬಹಳ ಮಂದಿ ಮರೆಯುವ ಅಂಕಿ. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿಯನ್ನು ಬಾದಾಮಿಯಂಥ ಊರಿನ ಅನುಭವಿ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿಯೇ ಸರಿಮಾಡಬಲ್ಲ. ಕಾಮನ್ ರೈಲ್ ಗಾಡಿಗೆ ಸ್ಕ್ಯಾನರ್ ಬೇಕು, ಇಂಜೆಕ್ಟರ್ ಪರೀಕ್ಷಿಸುವ ಬೆಂಚು ಬೇಕು. ಅದಕ್ಕಾಗಿ ದೊಡ್ಡ ಊರಿನ ದಾರಿ ಹಿಡಿಯಬೇಕಾಗಬಹುದು. ಗಾಡಿ ಅಲ್ಲಿ ನಿಂತ ಮೂರು ದಿನದ ಬಾಡಿಗೆಯೂ ನಷ್ಟದ ಲೆಕ್ಕಕ್ಕೇ ಸೇರುತ್ತದೆ. ಪೆಟ್ರೋಲ್ ಗಾಡಿಗೂ ಈಗ ಸ್ಕ್ಯಾನರ್ ಬೇಕು ಎನ್ನುವುದು ಸರಿ. ಆದರೆ ಅದರ ಇಂಧನದ ಒತ್ತಡ ಕೆಲವೇ ಬಾರ್, ಬಿಡಿಭಾಗದ ಬೆಲೆ ಕಡಿಮೆ.

ನಮ್ಮ ಅಭಿಪ್ರಾಯದಲ್ಲಿ, ಹಳ್ಳಿಯೊಳಗಿನ ಚಿಕ್ಕ ಓಡಾಟಕ್ಕೆ ಎಲ್ಲಕ್ಕಿಂತ ಹೊಂದದ ಗಾಡಿ 2020ರ ನಂತರದ, ಹೊಗೆ ಸೋಸುವ ಡಿಪಿಎಫ್ ಇರುವ ಡೀಸೆಲ್ ಗಾಡಿ. ಡಿಪಿಎಫ್ ಎಂಬುದು ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿ. ಹಿಡಿದ ಮಸಿ ಸುಟ್ಟು ಬೂದಿಯಾಗಬೇಕಾದರೆ ಹೊಗೆ ಕೊಳವೆ ಚೆನ್ನಾಗಿ ಕಾಯಬೇಕು, ಅಂದರೆ ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಬಿಡದೆ ಓಡಬೇಕು. ಇಂಜಿನ್ ಬಿಸಿಯಾಗುವಷ್ಟರಲ್ಲಿ ಬಾದಾಮಿ ಬಂದುಬಿಟ್ಟರೆ ಜಾಲರಿ ಕಟ್ಟಿಕೊಳ್ಳುತ್ತ ಹೋಗುತ್ತದೆ. ಹಿಂದಿನ ಮಾಲೀಕರು ಗಾಡಿಯನ್ನು ಬರೀ ಊರೊಳಗೆ ಓಡಿಸಿದ್ದರೆ ಈ ತೊಂದರೆಯನ್ನು ನಿಮಗೆ ದಾಟಿಸುತ್ತಿರುವ ಸಾಧ್ಯತೆ ಇದೆ. 'ಅದನ್ನು ಕಿತ್ತು ಹಾಕಿದರಾಯ್ತು' ಎನ್ನುವವರ ಮಾತು ಕೇಳಬೇಡಿ, ಅದು ಕಾನೂನಿಗೆ ವಿರುದ್ಧ, ಎಫ್‌ಸಿ ಸಮಯದಲ್ಲೂ ಸಿಕ್ಕಿಬೀಳುತ್ತೀರಿ.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ವರ್ಗೀಕರಿಸಿದೆ. 'ಬಂದ್ ಮಾಡಿ ಚಾಲೂ ಮಾಡುವುದಕ್ಕಿಂತ ಇಂಜಿನ್ ಓಡುತ್ತಿರಲಿ' ಎಂದು ಮನೆ ಮುಂದೆ ಅರ್ಧ ಗಂಟೆ ಗುರುಗುಟ್ಟಿಸುವ ಅಭ್ಯಾಸದಿಂದ ಎಣ್ಣೆಯೂ ಹಾಳು, ಅಂಗಳದಲ್ಲಿ ಆಡುವ ಮಕ್ಕಳ ಶ್ವಾಸಕೋಶವೂ ಹಾಳು. ಪೆಟ್ರೋಲ್ ಗಾಡಿಯವರು ಇದನ್ನು ಓದಿ ಬೀಗಬೇಕಿಲ್ಲ. ಹಳೆಯ ಪೆಟ್ರೋಲ್ ಇಂಜಿನ್ ಡೀಸೆಲ್ಲಿಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಓಡಿಸುವುದು ಪ್ರಾಣಕ್ಕೇ ಅಪಾಯ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇ20 ಪೆಟ್ರೋಲ್ ಮತ್ತು ಹಳೆಯ ಗಾಡಿ

ಪೆಟ್ರೋಲ್ ಪಕ್ಷಕ್ಕೂ ಒಂದು ತಕರಾರು ಇದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಬಾಗಲಕೋಟೆ ಜಿಲ್ಲೆಯವರಿಗೆ ಇದು ದೂರದ ವಿಷಯವಲ್ಲ, ಮುಧೋಳ, ಜಮಖಂಡಿ ಕಡೆಯ ಕಬ್ಬು ಸಕ್ಕರೆಯಾಗುವುದರ ಜೊತೆಗೆ ಎಥೆನಾಲ್ ಆಗಿಯೂ ಹೊರಡುತ್ತದೆ. ಎಥೆನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಸುಮಾರು 21 ಮೆಗಾಜೂಲ್, ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಪಾಲು ಅದನ್ನು ಬೆರೆಸಿದರೆ ಲೀಟರಿನ ಒಟ್ಟು ಶಕ್ತಿ ಸುಮಾರು ಶೇ 7ರಷ್ಟು ಇಳಿಯುತ್ತದೆ. ಇಂಜಿನ್ ಇದಕ್ಕೆ ಹೇಗೆ ಹೊಂದಿಕೊಂಡಿದೆ ಎಂಬುದರ ಮೇಲೆ ಎವರೇಜ್ ಇಳಿಕೆ ಹೆಚ್ಚು ಕಡಿಮೆಯಾಗುತ್ತದೆ.

'ಇ20 ಹಾಕಿದರೆ ಇಂಜಿನ್ ಸೀಜ್ ಆಗುತ್ತದೆ' ಎಂಬುದು ಉತ್ಪ್ರೇಕ್ಷೆ. ನಿಜವಾಗಿ ನೋಡಬೇಕಾದದ್ದು ರಬ್ಬರು. 2023ರ ಏಪ್ರಿಲ್‌ಗೂ ಹಿಂದಿನ ಗಾಡಿಗಳ ಪೈಪು, ಸೀಲು, ಗ್ಯಾಸ್ಕೆಟ್ಟುಗಳು ಇಷ್ಟು ಎಥೆನಾಲನ್ನು ಗಮನದಲ್ಲಿಟ್ಟು ಮಾಡಿದವಲ್ಲದಿದ್ದರೆ ಬೇಗ ಗಡಸಾಗಿ ಬಿರುಕು ಬಿಡಬಹುದು. ಹಳೆಯ ಪೆಟ್ರೋಲ್ ಗಾಡಿ ಕೊಂಡರೆ ಇಂಧನದ ಪೈಪುಗಳನ್ನು ಒಮ್ಮೆ ಬದಲಿಸಿಬಿಡುವುದು ಕಡಿಮೆ ಖರ್ಚಿನ ವಿಮೆ. ಜೊತೆಗೆ, ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸುಗ್ಗಿಗೆ ಮಾತ್ರ ತೆಗೆದು ಮಳೆಗಾಲವಿಡೀ ನಿಲ್ಲಿಸುವ ಗಾಡಿಯಲ್ಲಿ ಟ್ಯಾಂಕಿನ ಅಡಿಯಲ್ಲಿ ನೀರು ಬೇರ್ಪಟ್ಟು ಕೂರಬಹುದು. ಹದಿನೈದು ದಿನಕ್ಕೊಮ್ಮೆಯಾದರೂ ಓಡಿಸಿ, ಹೊಸ ಪೆಟ್ರೋಲ್ ಹಾಕಿಸುತ್ತಿರಿ.

ಕ್ಯಾನಿನಲ್ಲಿ ಎಣ್ಣೆ ತಂದು ಮನೆಯಲ್ಲಿಡುವವರಿಗೆ ಒಂದು ಮಾತು. ಡೀಸೆಲ್ ಮೇಲೆ ಹೊತ್ತಿಕೊಳ್ಳುವಷ್ಟು ಆವಿ ಏಳಬೇಕಾದರೆ ಅದು ಸಾಕಷ್ಟು ಬಿಸಿಯಾಗಬೇಕು. ಪೆಟ್ರೋಲಿಗೆ ಆ ಮಟ್ಟ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೇ ಇದೆ, ಅಂದರೆ ನಮ್ಮ ಊರಿನಲ್ಲಿ ಅದು ಸದಾ ಹೊತ್ತಿಕೊಳ್ಳಲು ತಯಾರು. ಅಡುಗೆಮನೆಯ ಪಕ್ಕದ ಕೋಣೆ ಅದಕ್ಕೆ ಜಾಗವಲ್ಲ.

ಇನ್ನು ಗ್ಯಾಸಿನ ಮಾತು. ಸಿಎನ್‌ಜಿ ಪಿಕಪ್‌ಗಳು ಕಿಲೋಮೀಟರ್ ಖರ್ಚಿನಲ್ಲಿ ಅಗ್ಗ, ಹೊಗೆಯೂ ಕಡಿಮೆ. ಆದರೆ ನೀವು ದಿನವೂ ಹೋಗುವ ದಾರಿಯಲ್ಲೇ ಪಂಪು ಇರಬೇಕು. ಗ್ಯಾಸಿಗಾಗಿ ಇಪ್ಪತ್ತು ಕಿಲೋಮೀಟರ್ ಸುತ್ತು ಹಾಕಿದರೆ ಲಾಭ ಅಲ್ಲೇ ಕರಗುತ್ತದೆ. ಆ ಸಿಲಿಂಡರಿನ ಒಳಗೆ 200 ಬಾರ್ ಒತ್ತಡ ಇರುತ್ತದೆ, ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದ ಫಲಕ ಇಲ್ಲದ ಹಳೆಯ ಗಾಡಿಯನ್ನು ಮುಟ್ಟಬೇಡಿ. ಮನೆಯ ಅಡುಗೆ ಸಿಲಿಂಡರನ್ನು ಹಳೆಯ ಒಮ್ನಿಗೋ ಪಿಕಪ್ಪಿಗೋ ಜೋಡಿಸಿ ಓಡಿಸುವುದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಹಿಂದೆ ಕೂತವರ ಜೀವದ ಜೊತೆ ಆಟ.

ಡೀಸೆಲ್ ಗಾಡಿಗೆ ಹತ್ತೇ ವರ್ಷವೇ?

ಇಲ್ಲ, ನಮ್ಮಲ್ಲಿ ಆ ನಿಯಮ ಇಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಮತ್ತು ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ತಡೆ ಹಾಕಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಆದೇಶ ಮತ್ತು ಸುಪ್ರೀಂ ಕೋರ್ಟಿನ 2018ರ ಆದೇಶದ ಮೂಲಕ. ಕರ್ನಾಟಕದಲ್ಲಿ ಸರಕು ಗಾಡಿ ಓಡುವುದು ಎಫ್‌ಸಿ, ಅಂದರೆ ಫಿಟ್ನೆಸ್ ಪ್ರಮಾಣಪತ್ರದ ಮೇಲೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಗಾಡಿ ಹದಿನೈದು ವರ್ಷ ದಾಟಿದರೆ ಎಫ್‌ಸಿ ಶುಲ್ಕ ಬಹಳಷ್ಟು ಏರುತ್ತದೆ, ಇದು ಡೀಸೆಲ್ ಪೆಟ್ರೋಲ್ ಎರಡಕ್ಕೂ ಒಂದೇ. ಹದಿಮೂರು ವರ್ಷದ ಗಾಡಿ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಅದರ ಕಾರಣಗಳಲ್ಲಿ ಇದೂ ಒಂದು ಎಂದು ತಿಳಿಯಿರಿ. ದೆಹಲಿಯ ನಿಯಮದ ಹೆಸರು ಹೇಳಿ ಹತ್ತು ವರ್ಷದ ಒಳ್ಳೆಯ ಡೀಸೆಲ್ ಗಾಡಿಯನ್ನು ಅರ್ಧ ಬೆಲೆಗೆ ಕಿತ್ತುಕೊಳ್ಳುವ ದಲ್ಲಾಳಿಗಳೂ ಇರಬಹುದು. ಮಾರುವವರು ನೀವಾಗಿದ್ದರೆ ಎಚ್ಚರ.

ಹೊಗೆ ಹೇಳುವ ಸತ್ಯ

ಯಾವ ಇಂಧನ ಎಂದು ತೀರ್ಮಾನಿಸಿದ ಮೇಲೆ ಉಳಿಯುವ ದೊಡ್ಡ ಪ್ರಶ್ನೆ, ನಿಮ್ಮ ಮುಂದೆ ನಿಂತಿರುವ ಆ ಒಂದು ಗಾಡಿಯ ಸ್ಥಿತಿ. ಕೆಟ್ಟ ಡೀಸೆಲ್ಲಿಗಿಂತ ಒಳ್ಳೆಯ ಪೆಟ್ರೋಲ್ ಮೇಲು, ಕೆಟ್ಟ ಪೆಟ್ರೋಲಿಗಿಂತ ಒಳ್ಳೆಯ ಡೀಸೆಲ್ ಮೇಲು. ಬೆಳಿಗ್ಗೆ ಬೇಗ ಹೋಗಿ, ಮೊದಲು ಬಾನೆಟ್ ಮುಟ್ಟಿ ನೋಡಿ. ಆಗಲೇ ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಇಂಜಿನ್ ಕಾಯಿಸಿಟ್ಟಿದ್ದಾರೆ. ಏಕೆ ಎಂದು ಕೇಳಿ. ಸವೆದ ಡೀಸೆಲ್ ಇಂಜಿನ್ನಿನ ಗುಟ್ಟು ರಟ್ಟಾಗುವುದು ತಣ್ಣಗಿದ್ದಾಗ ಚಾಲೂ ಮಾಡಿದಾಗಲೇ. ಹಿಂಡುವ ಒತ್ತಡ ಸೋರಿದರೆ ಗಾಳಿ ಸಾಕಷ್ಟು ಕಾಯುವುದಿಲ್ಲ, ಸೆಲ್ಫ್ ಎಷ್ಟು ಹೊಡೆದರೂ ಡೀಸೆಲ್ ಹೊತ್ತಿಕೊಳ್ಳುವುದಿಲ್ಲ.

ಚಾಲೂ ಆದ ಮೇಲೆ ಸೈಲೆನ್ಸರ್ ಕಡೆ ನೋಡಿ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಕೆಟ್ಟಿರಬಹುದು. ಇದನ್ನು ಸರಿಪಡಿಸಬಹುದು, ಖರ್ಚು ಕೇಳಿ ಬೆಲೆ ಇಳಿಸಿ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ರಿಂಗು, ವಾಲ್ವ್ ಸೀಲು ಅಥವಾ ಟರ್ಬೊ ಸವೆದಿದೆ, ದೊಡ್ಡ ಕೆಲಸ. ಬೆಳಿಗ್ಗೆ ತೆಳ್ಳಗೆ ಬಂದು ಮಾಯವಾಗುವ ಬಿಳಿ ಹೊಗೆ ಬರೀ ನೀರಾವಿ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು ಹಸಿ ಡೀಸೆಲ್ ವಾಸನೆ ಹೊಡೆದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ. ಸಿಹಿ ವಾಸನೆ ಬಂದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ.

ಇನ್ನೊಂದು ಪರೀಕ್ಷೆಗೆ ದುಡ್ಡು ಬೇಕಿಲ್ಲ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ಬೋರಲಾಗಿ ಅದರ ಬಾಯಿಯ ಮೇಲೆಯೇ ಇಡಿ. ಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ. ಹೊಗೆ ಬುಸುಗುಟ್ಟಿ ಮುಚ್ಚಳ ಕುಣಿಯತೊಡಗಿದರೆ ರಿಂಗುಗಳನ್ನು ದಾಟಿ ಒತ್ತಡ ಕೆಳಗೆ ಸೋರುತ್ತಿದೆ ಎಂದರ್ಥ. ಪೆಟ್ರೋಲ್ ಗಾಡಿಯಾದರೆ ಪ್ಲಗ್ ಬಿಚ್ಚಿಸಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ, ಜಿಡ್ಡು ಜಿಡ್ಡಾಗಿ ಕಪ್ಪಗಿದ್ದರೆ ಆಯಿಲ್ ಮೇಲೇರುತ್ತಿದೆ.

ಮಲಪ್ರಭಾ ತೀರದ ಗಾಡಿಗಳಿಗೆ ಒಂದು ಹೆಚ್ಚಿನ ತಪಾಸಣೆ ಬೇಕು. 2019ರ ಆಗಸ್ಟ್‌ನಲ್ಲಿ ಹೊಳೆ ತುಂಬಿ ಬಂದಾಗ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ನೀರನ್ನು ಗಾಳಿಯ ಹಾಗೆ ಹಿಂಡಲಾಗದು. ಗಾಳಿ ಕೊಳವೆಯಿಂದ ನೀರು ಸಿಲಿಂಡರಿಗೆ ಹೋದ ಇಂಜಿನ್ನನ್ನು ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪಿಸ್ಟನ್ ಮೇಲಿನ ಜಾಗ ಡೀಸೆಲ್ ಇಂಜಿನ್ನಿನಲ್ಲಿ ಇನ್ನೂ ಕಿರಿದಾದ್ದರಿಂದ ಅದಕ್ಕೆ ಸ್ವಲ್ಪ ನೀರೇ ಸಾಕು. ಸೀಟಿನ ಬೋಲ್ಟುಗಳ ತುಕ್ಕು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆ, ಡ್ಯಾಶ್‌ಬೋರ್ಡಿನ ಅಡಿಯ ವೈರುಗಳ ಮೇಲಿನ ಮಣ್ಣು, ಹಾಲು ಬೆರೆಸಿದಂತೆ ಕಾಣುವ ಆಯಿಲ್ ಇವೆಲ್ಲ ನೀರು ಕುಡಿದ ಗಾಡಿಯ ಗುರುತುಗಳು. ಹೊಸ ಬಣ್ಣ, ಹೊಸ ಸೀಟ್ ಕವರ್ ನೋಡಿ ಮರುಳಾಗಬೇಡಿ.

ಕೊನೆಗೆ ಆರ್‌ಸಿ. ಅದರಲ್ಲಿ ಬರೆದ ಇಂಧನ ಯಾವುದು, ಇಂಜಿನ್ ನಂಬರ್ ಯಾವುದು ನೋಡಿ, ಬ್ಲಾಕಿನ ಮೇಲೆ ಕೊರೆದ ನಂಬರನ್ನು ಬಟ್ಟೆಯಿಂದ ಉಜ್ಜಿ ತಾಳೆ ನೋಡಿ. ಫೈನಾನ್ಸ್ ಸಾಲ ತೀರಿದ ಎನ್‌ಒಸಿ ಇದೆಯೇ, ಎಫ್‌ಸಿ ಯಾವಾಗ ಮುಗಿಯುತ್ತದೆ, ವಿಮೆ ಚಾಲ್ತಿಯಲ್ಲಿದೆಯೇ ಕೇಳಿ. ಹಳೆಯ ಪಿಕಪ್‌ಗಳಲ್ಲಿ ಇಂಜಿನ್ ಬದಲಾಯಿಸಿ ಆರ್‌ಟಿಒ ಅನುಮತಿ ಪಡೆಯದೆ ಹಾಗೇ ಓಡಿಸುವುದುಂಟು. ಅಂಥ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆ ಕಂಪನಿ ಕ್ಲೇಮು ತಿರಸ್ಕರಿಸಲು ಅದೊಂದೇ ಕಾರಣ ಸಾಕಾಗಬಹುದು. ನಂಬರ್ ಹೊಂದದಿದ್ದರೆ ಇಂಜಿನ್ ಎಷ್ಟೇ ಚೆನ್ನಾಗಿ ಗುನುಗುತ್ತಿರಲಿ, ಅಡ್ವಾನ್ಸ್ ಕೊಡದೆ ಮನೆಗೆ ಬನ್ನಿ.